ಡ್ರೈವರ್ ಕ್ರ್ಯಾಶ್ ಆಯ್ತು ಅಂದಾಗ ಎಲ್ಲಿ ನೋಡಬೇಕು: ಹೊಸದಾಗಿ ಜೋಡಿಸಿದ ಕಂಪ್ಯೂಟರಿನ ಗ್ರಾಫಿಕ್ಸ್ ತೊಂದರೆಗಳು

(ಉಪನ್ಯಾಸದ ಬರಹ ರೂಪ)

ಹೊಸ ಕಂಪ್ಯೂಟರ್ ಜೋಡಿಸಿ ಆಗಿದೆ. ವಿಂಡೋಸ್ ಹಾಕಿ ಆಗಿದೆ. ಬ್ರೌಸರ್, ವಿಡಿಯೊ ಎಲ್ಲ ಸರಿಯಾಗಿ ನಡೆಯುತ್ತೆ. ಗೇಮ್ ಶುರು ಮಾಡಿದ ಹತ್ತಿಪ್ಪತ್ತು ನಿಮಿಷಕ್ಕೆ ಪರದೆ ಕಪ್ಪಾಗುತ್ತೆ, ಒಂದೆರಡು ಕ್ಷಣ ಬಿಟ್ಟು ಡೆಸ್ಕ್‌ಟಾಪ್ ವಾಪಸ್ ಬರುತ್ತೆ, ಗೇಮ್ ಮಾಯ. ಆಗ ಸಿಗೋ ಸಲಹೆಗಳು ಎರಡು: ಡ್ರೈವರ್ (ವಿಂಡೋಸಿಗೂ ಗ್ರಾಫಿಕ್ಸ್ ಕಾರ್ಡಿಗೂ ನಡುವೆ ನಿಲ್ಲೋ ಸಾಫ್ಟ್‌ವೇರ್) ತೆಗೆದು ಮತ್ತೆ ಹಾಕಿ, ಅದಕ್ಕೂ ಬಗ್ಗದಿದ್ದರೆ ಫಾರ್ಮ್ಯಾಟ್ ಹೊಡೀರಿ. ಮೊದಲನೆಯದು ಕೆಲವು ಸಲ ಫಲ ಕೊಡುತ್ತೆ. ಎರಡನೆಯದು ಬಹುಪಾಲು ಸಲ ಒಂದು ದಿನ ತಿಂದು ಹಾಕುತ್ತೆ, ತೊಂದರೆ ಇದ್ದಲ್ಲೇ ಇರುತ್ತೆ.

ಇವತ್ತು ಮುಖ್ಯವಾಗಿ ಹೇಳಬೇಕಾದ್ದು ಇಷ್ಟು. ಡ್ರೈವರ್ ಹೆಸರು ಕಾಣಿಸಿತು ಅಂದ ಮಾತ್ರಕ್ಕೆ ತಪ್ಪು ಡ್ರೈವರಿನದು ಅಂತ ಆಗಲ್ಲ. ಎರಡು ವರ್ಷ ಚೆನ್ನಾಗಿ ನಡೆದ ಕಂಪ್ಯೂಟರ್ ಡ್ರೈವರ್ ಅಪ್‌ಡೇಟ್ ಆದ ಮರುದಿನ ಕೆಟ್ಟರೆ ಡ್ರೈವರನ್ನೇ ಹಿಡಿಯಬಹುದು. ಹೊಸ ಜೋಡಣೆಯಲ್ಲಿ ಹಾಗೆ ಹೇಳೋಕೆ ಆಧಾರವೇ ಇಲ್ಲ. ರ‍್ಯಾಮ್, ಪ್ರೊಸೆಸರ್, ಎಸ್‌ಎಂಪಿಎಸ್ (ಎಲ್ಲಕ್ಕೂ ಕರೆಂಟ್ ಕೊಡೋ ಪೆಟ್ಟಿಗೆ), ಕೇಬಲ್, ಸ್ಲಾಟ್, ಕಾರ್ಡ್, ಇವುಗಳಲ್ಲಿ ಯಾವುದೂ ಇನ್ನೂ ಪರೀಕ್ಷೆಗೆ ನಿಂತಿಲ್ಲ. ಒಂದೊಂದನ್ನೂ ಬೇರೆ ಮಾಡಿ ನೋಡೋದೇ ಇಲ್ಲಿನ ಕೆಲಸ.

ಎರಡು ಸೆಕೆಂಡಿನ ಲೆಕ್ಕ

ಮೊದಲು ವಿಂಡೋಸ್ ಒಳಗೆ ಏನು ನಡೆಯುತ್ತೆ ನೋಡೋಣ. ವಿಂಡೋಸ್ ವಿಸ್ಟಾ ಕಾಲದಿಂದ ಟಿಡಿಆರ್ ಅನ್ನೋ ವ್ಯವಸ್ಥೆ ಇದೆ, ಟೈಮ್‌ಔಟ್ ಡಿಟೆಕ್ಷನ್ ಅಂಡ್ ರಿಕವರಿ. ಗ್ರಾಫಿಕ್ಸ್ ಕಾರ್ಡಿಗೆ ಕೊಟ್ಟ ಕೆಲಸ ನಿಗದಿತ ಸಮಯದಲ್ಲಿ ಮುಗಿಯದೆ, ಅದನ್ನು ಬದಿಗಿಟ್ಟು ಬೇರೆ ಕೆಲಸಕ್ಕೆ ಜಾಗ ಬಿಡು ಅಂದರೂ ಕಾರ್ಡ್ ಬಿಡದಿದ್ದರೆ, ಕಾರ್ಡ್ ಹ್ಯಾಂಗ್ ಆಗಿದೆ ಅಂತ ವಿಂಡೋಸ್ ತೀರ್ಮಾನಿಸುತ್ತೆ. ಆ ಸಮಯ ಸಾಮಾನ್ಯವಾಗಿ 2 ಸೆಕೆಂಡ್. ಆಮೇಲೆ ಕಾರ್ಡನ್ನೂ ಡ್ರೈವರನ್ನೂ ರೀಸೆಟ್ ಮಾಡುತ್ತೆ. ಪರದೆ ಒಮ್ಮೆ ಕಪ್ಪಾಗಿ ಬರೋದು ಈ ಹೊತ್ತಿಗೆ. ಗೇಮಿನ ಕೈಯಲ್ಲಿದ್ದ ಕಾರ್ಡ್ ಅಲ್ಲಿಗೆ ತಪ್ಪಿಹೋದ ಹಾಗೆ, ಹಾಗಾಗಿ ಡಿವೈಸ್ ರಿಮೂವ್ಡ್ ಅಥವಾ ಡಿವೈಸ್ ಹಂಗ್ ಅನ್ನೋ ಸಂದೇಶ ತೋರಿಸಿ ಗೇಮ್ ಮುಚ್ಚಿಕೊಳ್ಳುತ್ತೆ.

60 ಸೆಕೆಂಡಿನೊಳಗೆ ಇದು ಐದು ಸಲಕ್ಕಿಂತ ಹೆಚ್ಚಾದರೆ ವಿಂಡೋಸ್ ಮತ್ತೆ ರೀಸೆಟ್ ಮಾಡೋಕೆ ಹೋಗಲ್ಲ, ಬ್ಲೂ ಸ್ಕ್ರೀನ್ ಕೊಡುತ್ತೆ. ರೀಸೆಟ್ಟೇ ವಿಫಲವಾದರೂ ಅಷ್ಟೇ. ಆಗ ಕಾಣೋ ಸ್ಟಾಪ್ ಕೋಡ್ 116, ವಿಡಿಯೊ ಟಿಡಿಆರ್ ಫೇಲ್ಯೂರ್.

ಈ ಇಡೀ ವಿವರಣೆಯಲ್ಲಿ ಕಾರ್ಡ್ ಯಾಕೆ ಉತ್ತರ ಕೊಡಲಿಲ್ಲ ಅನ್ನೋದು ಎಲ್ಲೂ ಬರಲಿಲ್ಲ, ಗಮನಿಸಿ. ಕಾರ್ಡ್‌ಗೆ ಕರೆಂಟ್ ಸಾಲದೆ ಇರಬಹುದು, ರ‍್ಯಾಮಿನಿಂದ ತಪ್ಪು ಮಾಹಿತಿ ಬಂದಿರಬಹುದು, ಕಾರ್ಡನ್ನು ದೂರದಿಂದ ಸ್ಲಾಟಿಗೆ ಜೋಡಿಸೋ ರೈಸರ್ ಕೇಬಲ್ಲಿನಲ್ಲಿ ಸಿಗ್ನಲ್ ಕೆಟ್ಟಿರಬಹುದು. ಯಾವುದೇ ಆದರೂ ವಿಂಡೋಸ್ ಬರೆದಿಡೋದು ಒಂದೇ ಸಾಲು, ಅದರಲ್ಲಿ ಇರೋದು ಡ್ರೈವರಿನ ಹೆಸರು.

ಇಂಟರ್ನೆಟ್ಟಿನಲ್ಲಿ ಎಲ್ಲರೂ ಹೇಳೋ ಒಂದು ಉಪಾಯದ ಬಗ್ಗೆ ಇಲ್ಲೇ ಹೇಳಿಬಿಡ್ತೀನಿ. ರಿಜಿಸ್ಟ್ರಿಯಲ್ಲಿ ಟಿಡಿಆರ್ ಡಿಲೇ ಅನ್ನೋ ಮೌಲ್ಯವನ್ನು 2ರಿಂದ 8ಕ್ಕೋ 10ಕ್ಕೋ ಏರಿಸಿ ಅಂತ. ಬ್ಲೆಂಡರ್ ರೆಂಡರಿಂಗ್ ಥರದ ಭಾರಿ ಕೆಲಸದಲ್ಲಿ ಕಾರ್ಡ್ ನಿಜವಾಗಿಯೂ ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಒಂದೇ ಲೆಕ್ಕದಲ್ಲಿ ಮುಳುಗಿರಬಹುದು, ಅಲ್ಲಿ ಇದು ಸರಿಯಾದ ಪರಿಹಾರ. ಗೇಮಿಗೆ ಇದರಿಂದ ಉಪಯೋಗ ಇಲ್ಲ. ಸೆಕೆಂಡಿಗೆ 60 ಚಿತ್ರ ಕೊಡಬೇಕಾದ ಕಾರ್ಡ್ ಎರಡು ಸೆಕೆಂಡ್ ಸುಮ್ಮನಿದೆ ಅಂದರೆ ಅದು ಹ್ಯಾಂಗ್ ಆಗಿದೆ ಅಂತಲೇ. ಹತ್ತು ಸೆಕೆಂಡ್ ಕೊಟ್ಟರೆ ಹತ್ತು ಸೆಕೆಂಡ್ ಹ್ಯಾಂಗ್ ಆಗಿರುತ್ತೆ.

ಕೈ ಹಚ್ಚೋ ಮೊದಲು ದಾಖಲೆ ಓದಿ

ಸ್ಟಾರ್ಟ್ ಮೆನುವಿನಲ್ಲಿ ರಿಲಯಬಿಲಿಟಿ ಅಂತ ಹುಡುಕಿ, ರಿಲಯಬಿಲಿಟಿ ಹಿಸ್ಟರಿ ತೆರೆಯಿರಿ. ದಿನದಿನದ ಪಟ್ಟಿ ಬರುತ್ತೆ, ಕ್ರ್ಯಾಶ್ ಆದ ದಿನದ ಮೇಲೆ ಕೆಂಪು ಗುರುತು ಇರುತ್ತೆ. ಅಲ್ಲಿ ಹಾರ್ಡ್‌ವೇರ್ ಎರರ್ ಅನ್ನೋದನ್ನು ಒತ್ತಿದರೆ ಲೈವ್ ಕರ್ನಲ್ ಈವೆಂಟ್ 141 ಅಥವಾ 117 ಸಿಗಬಹುದು. ಎರಡೂ ಗ್ರಾಫಿಕ್ಸ್ ಟೈಮ್‌ಔಟ್‌ಗೆ ಸೇರಿದವು.

ಆಮೇಲೆ ಈವೆಂಟ್ ವ್ಯೂವರ್. ವಿಂಡೋಸ್ ಲಾಗ್ಸ್ ಕೆಳಗಿನ ಸಿಸ್ಟಂ ಭಾಗ ತೆರೆದು, ಕ್ರ್ಯಾಶ್ ಆದ ಗಂಟೆ ನಿಮಿಷಕ್ಕೆ ಹೋಗಿ. ಡಿಸ್‌ಪ್ಲೇ ಹೆಸರಲ್ಲಿ 4101 ಇದ್ದರೆ, ಡ್ರೈವರ್ ನಿಂತುಹೋಗಿತ್ತು, ಮತ್ತೆ ಚೇತರಿಸಿಕೊಂಡಿತು ಅಂತ ಅರ್ಥ. ಎನ್‌ವಿಡಿಯಾ ಕಾರ್ಡಾದರೆ ಎನ್‌ವಿಎಲ್‌ಡಿಡಿಎಂಕೆಎಂ ಅನ್ನೋ ಮೂಲದಿಂದ 13, 14 ಅಥವಾ 153 ಸಂಖ್ಯೆಯ ನಮೂದುಗಳೂ ಇರುತ್ತವೆ.

ನಾನು ಎಲ್ಲಕ್ಕಿಂತ ಮೊದಲು ಹುಡುಕೋದು ಇವುಗಳನ್ನಲ್ಲ, ಹಿಯಾ ಲಾಗರ್ (WHEA-Logger) ಅನ್ನೋ ಮೂಲವನ್ನು. ಅದು ಹಾರ್ಡ್‌ವೇರ್ ತಾನೇ ಕೊಟ್ಟ ದೂರು. 17 ಅಂದರೆ ಪಿಸಿಐ ಎಕ್ಸ್‌ಪ್ರೆಸ್ ದಾರಿಯಲ್ಲಿ ತಪ್ಪು ಬಂತು, ಸರಿಪಡಿಸಿಕೊಂಡೆ ಅಂತ; ಅಂಥವು ಸಾಲುಸಾಲಾಗಿ ಇದ್ದರೆ ಸ್ಲಾಟ್, ರೈಸರ್, ಕಾರ್ಡ್ ಕೂತಿರೋ ಬಗೆಯ ಕಡೆ ಹೋಗಿ. 18 ಅಂದರೆ ಪ್ರೊಸೆಸರ್ ಕಡೆಯಿಂದ ಬಂದ ಸರಿಪಡಿಸಲಾಗದ ತಪ್ಪು. ಹಿಯಾ 18 ಕಂಡ ಮೇಲೂ ಗ್ರಾಫಿಕ್ಸ್ ಡ್ರೈವರ್ ಬದಲಾಯಿಸ್ತಾ ಕೂರೋದು ಸಮಯ ಹಾಳು.

ಕರ್ನಲ್ ಪವರ್ 41 ನೋಡಿ ಬಹಳ ಜನ ಎಸ್‌ಎಂಪಿಎಸ್ ಕೆಟ್ಟಿದೆ ಅಂತ ತಂದು ಬದಲಾಯಿಸ್ತಾರೆ. ಆ ನಮೂದು ಹೇಳೋದು ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಅಂತ ಮಾತ್ರ. ಹ್ಯಾಂಗ್ ಆಗಿದೆ ಅಂತ ನೀವೇ ಪವರ್ ಬಟನ್ ಒತ್ತಿ ಹಿಡಿದರೂ ಅದೇ 41 ಬರುತ್ತೆ.

ದಾಖಲೆಯಷ್ಟೇ ಮುಖ್ಯ ಕಣ್ಣಿಗೆ ಕಂಡದ್ದು. ಗೇಮ್ ಮುಚ್ಚಿ ಡೆಸ್ಕ್‌ಟಾಪ್ ವಾಪಸ್ ಬಂತು ಅಂದರೆ ಕಾರ್ಡ್ ಇನ್ನೂ ಮದರ್‌ಬೋರ್ಡಿನ ಜೊತೆ ಮಾತಾಡ್ತಿದೆ. ರ‍್ಯಾಮ್, ಪ್ರೊಸೆಸರ್, ಕಾರ್ಡಿನ ಕ್ಲಾಕ್, ಡ್ರೈವರ್ ಇವು ಅನುಮಾನದ ಪಟ್ಟಿಯಲ್ಲಿ ಮೇಲೆ. ಪರದೆಗೆ ಸಿಗ್ನಲ್ ಹೋಗಿ, ಶಬ್ದ ಸ್ವಲ್ಪ ಹೊತ್ತು ಕೇಳ್ತಾ, ಕಾರ್ಡಿನ ಫ್ಯಾನ್ ಪೂರ್ತಿ ವೇಗದಲ್ಲಿ ಕಿರುಚತೊಡಗಿದರೆ ಕಾರ್ಡ್ ಬಸ್ಸಿನಿಂದಲೇ, ಅಂದರೆ ಮದರ್‌ಬೋರ್ಡಿನ ಜೊತೆ ಮಾತಾಡೋ ದಾರಿಯಿಂದಲೇ, ಕಳಚಿಕೊಂಡಿದೆ. ಅದು ಕರೆಂಟಿನ ಕೇಬಲ್ ಅಥವಾ ಸ್ಲಾಟಿನ ಲಕ್ಷಣ. ಯಾವ ಸಂದೇಶವೂ ಇಲ್ಲದೆ ಫಟ್ಟಂತ ಇಡೀ ಕಂಪ್ಯೂಟರ್ ಆರಿ ಮತ್ತೆ ಹತ್ತಿದರೆ ಎಸ್‌ಎಂಪಿಎಸ್ ರಕ್ಷಣೆಗೆ ಹೋಗಿರಬಹುದು. ಬಣ್ಣಬಣ್ಣದ ಚೌಕ, ಗೆರೆ ಕಂಡ ಮೇಲೆ ಕ್ರ್ಯಾಶ್ ಆದರೆ ಕಾರ್ಡಿನ ಸ್ವಂತ ಮೆಮೊರಿಯನ್ನು ನೋಡಬೇಕು. ಈ ನಾಲ್ಕರಲ್ಲಿ ನಿಮ್ಮದು ಯಾವುದು ಅಂತ ಒಂದು ಚೀಟಿಯಲ್ಲಿ ಸಮಯದ ಸಮೇತ ಬರೆದಿಡಿ.

ರ‍್ಯಾಮಿನ ಪ್ರೊಫೈಲ್ ಮೊದಲು ಆಫ್ ಮಾಡಿ

ಹೊಸ ಜೋಡಣೆಯಲ್ಲಿ ಮೊದಲ ಪರೀಕ್ಷೆ ಯಾವುದು ಅಂತ ಕೇಳಿದರೆ ನನ್ನ ಉತ್ತರ ಇದೇ. ಬಯೋಸ್‌ಗೆ ಹೋಗಿ ಲೋಡ್ ಆಪ್ಟಿಮೈಸ್ಡ್ ಡಿಫಾಲ್ಟ್ಸ್ ಒತ್ತಿ. ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ (ರ‍್ಯಾಮನ್ನು ಡಬ್ಬದ ಮೇಲಿನ ವೇಗಕ್ಕೆ ಏರಿಸೋ ಪ್ರೊಫೈಲ್) ಆಫ್ ಆಗಿರಲಿ, ಪ್ರೊಸೆಸರಿನ ವೇಗ ಏರಿಸೋ ಪಿಬಿಒ, ವೋಲ್ಟೇಜ್ ಇಳಿಸೋ ಅಂಡರ್‌ವೋಲ್ಟ್ ಎಲ್ಲ ಹೋಗಲಿ. ವಿಂಡೋಸಿನಲ್ಲಿ ಕಾರ್ಡಿನ ವೇಗ ಬದಲಾಯಿಸೋ ಆಫ್ಟರ್‌ಬರ್ನರ್ ಥರದ ಸಾಫ್ಟ್‌ವೇರ್ ಇದ್ದರೆ ಸದ್ಯಕ್ಕೆ ತೆಗೆದುಹಾಕಿ. ಡಿಡಿಆರ್5 ರ‍್ಯಾಮ್ ಆಗ 4800 ಅಥವಾ 5600 ವೇಗಕ್ಕೆ ಇಳಿಯುತ್ತೆ. ಅದೇ ಗೇಮನ್ನು, ಅದೇ ಸೆಟಿಂಗಿನಲ್ಲಿ, ಹಿಂದೆ ಕ್ರ್ಯಾಶ್ ಆಗೋಕೆ ಹಿಡಿದದ್ದಕ್ಕಿಂತ ಮೂರು ಪಟ್ಟು ಹೊತ್ತು ಆಡಿ.

ಕ್ರ್ಯಾಶ್ ನಿಂತಿತಾ? ಹಾಗಾದರೆ ಗ್ರಾಫಿಕ್ಸ್ ಕಾರ್ಡನ್ನು ಬಿಟ್ಟುಬಿಡಿ.

ರ‍್ಯಾಮಿಗೂ ಗ್ರಾಫಿಕ್ಸ್ ಡ್ರೈವರಿಗೂ ಏನು ಸಂಬಂಧ ಅಂತ ಕೇಳಬಹುದು. ಕಾರ್ಡಿಗೆ ಕೊಡೋ ಆದೇಶಗಳನ್ನು ಡ್ರೈವರ್ ಮೊದಲು ಬರೆಯೋದು ಕಂಪ್ಯೂಟರಿನ ರ‍್ಯಾಮಿನಲ್ಲಿ. ಕಾರ್ಡ್ ಅಲ್ಲಿಂದ ಓದಿಕೊಳ್ಳುತ್ತೆ. ಟೆಕ್ಸ್ಚರ್‌ಗಳೂ ಅದೇ ದಾರಿಯಲ್ಲಿ ಬರುತ್ತವೆ. ಅಲ್ಲಿ ಒಂದೇ ಒಂದು ಬಿಟ್ ಬದಲಾದರೂ ಕಾರ್ಡ್ ಇಲ್ಲದ ವಿಳಾಸಕ್ಕೆ ಹೋಗಿ ನಿಲ್ಲಬಹುದು. ಎಕ್ಸೆಲ್ ಫೈಲಿನಲ್ಲೋ ಬ್ರೌಸರಿನಲ್ಲೋ ಅಂಥ ತಪ್ಪು ಕಣ್ಣಿಗೇ ಬೀಳದೆ ಹೋಗಬಹುದು. ಗೇಮಿನಲ್ಲಿ ರ‍್ಯಾಮ್, ಪ್ರೊಸೆಸರ್, ಕಾರ್ಡ್ ಮೂರೂ ಒಟ್ಟಿಗೆ ದುಡಿಯುತ್ತವೆ, ಕ್ಯಾಬಿನೆಟ್ ಒಳಗೆ ಬಿಸಿ ಏರುತ್ತೆ, ತಪ್ಪು ಅಲ್ಲಿ ಹೊರಬರುತ್ತೆ.

ಇಲ್ಲಿ ತಿಳಿದಿರಬೇಕಾದ್ದು, ಡಬ್ಬದ ಮೇಲೆ ಬರೆದ 6000 ಅನ್ನೋದು ಓವರ್‌ಕ್ಲಾಕ್, ಅಂದರೆ ಅಧಿಕೃತ ವೇಗ ಮೀರಿ ಓಡಿಸೋದು. ರೈಜೆನ್ 7000 ಸರಣಿಗೆ ಎಎಂಡಿ ಹೇಳೋ ಅಧಿಕೃತ ವೇಗ ಎರಡು ಸ್ಟಿಕ್ ಹಾಕಿದಾಗ 5200, ನಾಲ್ಕು ಸ್ಟಿಕ್ ಹಾಕಿದಾಗ 3600. ಎರಡೆರಡರ ಎರಡು ಸೆಟ್ ತಂದು ನಾಲ್ಕನ್ನೂ ಹಾಕಿ 6000ದಲ್ಲಿ ಓಡಿಸ್ತೀನಿ ಅಂದರೆ ಅದು ನಡೆಯದೆ ಇರೋ ಸಾಧ್ಯತೆಯೇ ಜಾಸ್ತಿ. ಸಾಕಷ್ಟು ಗಿಗಾಬೈಟ್ ಬೇಕಿದ್ದರೆ ಒಂದೇ ಪ್ಯಾಕಿನ ಎರಡು ದೊಡ್ಡ ಸ್ಟಿಕ್ ತಗೊಳ್ಳಿ.

ಸ್ಟಿಕ್ ಹಾಕೋ ಜಾಗ ಕೂಡ ನೋಡಿ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಎರಡು ಸ್ಟಿಕ್ ಇದ್ದರೆ ಪ್ರೊಸೆಸರಿನಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದರಲ್ಲಿ ಹಾಕಬೇಕು. ಬೋರ್ಡಿನ ಮೇಲೆ ಎ2, ಬಿ2 ಅಂತ ಅಚ್ಚಾಗಿರುತ್ತೆ. ಮೊದಲನೆಯದು ಮತ್ತು ಮೂರನೆಯದರಲ್ಲಿ ಹಾಕಿದರೂ ಬೂಟ್ ಆಗುತ್ತೆ, ಆದರೆ ಹೆಚ್ಚಿನ ವೇಗದಲ್ಲಿ ಸಿಗ್ನಲ್ ನಿಲ್ಲಲ್ಲ.

ಅನುಮಾನ ರ‍್ಯಾಮಿನ ಮೇಲೆ ಬಂದ ಮೇಲೆ ಪೆನ್ ಡ್ರೈವ್‌ನಲ್ಲಿ ಮೆಮ್‌ಟೆಸ್ಟ್86 ಹಾಕಿ, ಪ್ರೊಫೈಲ್ ಆನ್ ಮಾಡಿ, ನಾಲ್ಕು ಪಾಸ್ ಪೂರ್ತಿ ಓಡಿಸಿ. ರಾತ್ರಿ ಹಚ್ಚಿ ಮಲಗೋದು ಒಳ್ಳೆಯದು. ಒಂದೇ ಒಂದು ಎರರ್ ಬಂದರೂ ಫೇಲ್ ಅಂತಲೇ ಲೆಕ್ಕ, ಇದರಲ್ಲಿ ರಾಜಿ ಇಲ್ಲ. ಆದರೆ ಎರರ್ ಬರಲಿಲ್ಲ ಅಂದ ಮಾತ್ರಕ್ಕೆ ರ‍್ಯಾಮ್ ಪಾಸ್ ಅಂತಲೂ ಅಲ್ಲ, ಯಾಕಂದರೆ ಆ ಪರೀಕ್ಷೆ ನಡೆಯುವಾಗ ಗ್ರಾಫಿಕ್ಸ್ ಕಾರ್ಡ್ ತಣ್ಣಗಿರುತ್ತೆ. ವಿಂಡೋಸ್ ಒಳಗೆ ಓಸಿಸಿಟಿಯ ಮೆಮೊರಿ ಪರೀಕ್ಷೆ, ಟೆಸ್ಟ್‌ಮೆಮ್5 ಇವನ್ನೂ ಒಂದೊಂದು ಗಂಟೆ ಓಡಿಸಿ.

ಫೇಲ್ ಆದರೆ ಕ್ರಮ ಹೀಗಿರಲಿ. ಮದರ್‌ಬೋರ್ಡ್ ಕಂಪನಿಯ ಹೊಸ ಬಯೋಸ್ ಹಾಕಿ, ಎಎಂಡಿ ಪ್ರೊಸೆಸರಿನ ಎಎಂ5 ಬೋರ್ಡುಗಳಲ್ಲಿ ಅದರಿಂದಲೇ ರ‍್ಯಾಮ್ ನಡವಳಿಕೆ ಬದಲಾಗೋದು ಸಾಮಾನ್ಯ. ಆಮೇಲೆ 6000ದ ಬದಲು 5600 ಮಾಡಿ ನೋಡಿ. ಅದರ ನಂತರ ಒಂದೊಂದೇ ಸ್ಟಿಕ್ ಹಾಕಿ ಪರೀಕ್ಷಿಸಿ. ವೋಲ್ಟೇಜ್ ಏರಿಸೋದು ಕೊನೆಗೆ. ಎಎಂ5 ಪ್ರೊಸೆಸರುಗಳಲ್ಲಿ ಎಸ್‌ಒಸಿ ವೋಲ್ಟೇಜ್ (ಬಯೋಸಿನಲ್ಲಿ ಆ ಹೆಸರಲ್ಲೇ ಇರುತ್ತೆ) 1.3 ವೋಲ್ಟ್ ದಾಟಬಾರದು, 2023ರಲ್ಲಿ ಎಕ್ಸ್3ಡಿ ಪ್ರೊಸೆಸರುಗಳು ಸುಟ್ಟ ಪ್ರಕರಣಗಳ ನಂತರ ಆ ಮಿತಿಯನ್ನು ಬಯೋಸಿನಲ್ಲೇ ತಂದಿದ್ದಾರೆ. ಇನ್ನು, ಬಯೋಸ್ ಬದಲಾಯಿಸಿದ ಮೇಲೆ ಮೊದಲ ಬೂಟಿಗೆ ಡಿಡಿಆರ್5 ಕೆಲವು ನಿಮಿಷ ಕಪ್ಪು ಪರದೆಯಲ್ಲೇ ಟ್ರೇನಿಂಗ್ ಮಾಡಿಕೊಳ್ಳುತ್ತೆ. ಗಾಬರಿಯಾಗಿ ಆಫ್ ಮಾಡಬೇಡಿ.

ಗ್ರಾಫಿಕ್ಸ್ ಮೆಮೊರಿ ಸಾಲದು ಅಂದ ಪ್ರೊಸೆಸರ್

ಇಂಟೆಲ್ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳ ಕಥೆ ಈ ವಿಷಯಕ್ಕೆ ಎಲ್ಲಕ್ಕಿಂತ ದೊಡ್ಡ ಪಾಠ. ಅನ್‌ರಿಯಲ್ ಎಂಜಿನ್‌ನ ಗೇಮ್‌ಗಳಲ್ಲಿ 'ಔಟ್ ಆಫ್ ವಿಡಿಯೊ ಮೆಮೊರಿ' ಅನ್ನೋ ಸಂದೇಶ ಬಂದು ಗೇಮ್ ಮುಚ್ಚಿಹೋಗ್ತಿತ್ತು. 24 ಜಿಬಿ ಮೆಮೊರಿ ಇರೋ ಕಾರ್ಡ್ ಹಾಕಿದವರಿಗೂ ಅದೇ ಸಂದೇಶ. ಜನ ಸಹಜವಾಗಿಯೇ ಗ್ರಾಫಿಕ್ಸ್ ಡ್ರೈವರನ್ನು ದೂರಿದರು. ಕೊನೆಗೆ ಎನ್‌ವಿಡಿಯಾ ತಾನೇ, ಈ ಪ್ರೊಸೆಸರ್ ಇರೋರು ಇಂಟೆಲ್ ಸಹಾಯ ಕೇಳಿ ಅಂತ ಹೇಳಬೇಕಾಯ್ತು.

ನಡೀತಿದ್ದದ್ದು ಇಷ್ಟು. ಗೇಮ್ ಶುರುವಾಗುವಾಗ ಶೇಡರ್‌ಗಳನ್ನು (ಚಿತ್ರ ಬಿಡಿಸೋಕೆ ಕಾರ್ಡ್ ಓಡಿಸೋ ಸಣ್ಣ ಪ್ರೋಗ್ರಾಂಗಳನ್ನು), ಕುಗ್ಗಿಸಿಟ್ಟ ದತ್ತಾಂಶವನ್ನು ಪ್ರೊಸೆಸರ್ ಬಿಚ್ಚಬೇಕು. ಆ ಕೆಲಸ ಎಲ್ಲ ಕೋರ್‌ಗಳನ್ನೂ ಜೋರಾಗಿ ದುಡಿಸುತ್ತೆ. ಹೆಚ್ಚು ವೋಲ್ಟೇಜ್ ತಿಂದು ಸವೆದ ಪ್ರೊಸೆಸರ್ ಅಲ್ಲಿ ತಪ್ಪು ಲೆಕ್ಕ ಕೊಡ್ತಿತ್ತು. ತಪ್ಪಿದ ದತ್ತಾಂಶ ನೋಡಿದ ಗೇಮ್ ಗ್ರಾಫಿಕ್ಸ್ ಮೆಮೊರಿ ಸಿಗಲಿಲ್ಲ ಅಂತ ತಿಳ್ಕೊಳ್ತಿತ್ತು.

ಇಂಟೆಲ್ 2024ರ ಆಗಸ್ಟ್‌ನಲ್ಲಿ 129 ಅನ್ನೋ ಮೈಕ್ರೋಕೋಡ್ (ಪ್ರೊಸೆಸರಿನ ಒಳಗಿನ ಸಾಫ್ಟ್‌ವೇರ್), ಸೆಪ್ಟೆಂಬರಿನಲ್ಲಿ 12ಬಿ ಕೊಟ್ಟಿತು. ಡಬ್ಬದ ಪ್ರೊಸೆಸರುಗಳ ವಾರಂಟಿಯನ್ನು ಮೂರು ವರ್ಷದಿಂದ ಐದಕ್ಕೆ ಏರಿಸಿತು. ಇವು ಬಯೋಸ್ ಅಪ್‌ಡೇಟ್ ಮೂಲಕ ಬರುತ್ತವೆ, ಎಚ್‌ಡಬ್ಲ್ಯುಇನ್ಫೋ ಸಾಫ್ಟ್‌ವೇರಿನಲ್ಲಿ ಈಗ ಯಾವುದಿದೆ ಅಂತ ನೋಡಬಹುದು. ಆದರೆ ಒಮ್ಮೆ ಸವೆದ ಪ್ರೊಸೆಸರನ್ನು ಮೈಕ್ರೋಕೋಡ್ ಸರಿಮಾಡಲ್ಲ. ಪರೀಕ್ಷೆ ಸುಲಭ: ಪರ್ಫಾರ್ಮೆನ್ಸ್ ಕೋರ್‌ಗಳ ಮಲ್ಟಿಪ್ಲೈಯರನ್ನು 53ಕ್ಕೆ ಇಳಿಸಿ. ಶೇಡರ್ ಸಿದ್ಧಪಡಿಸುವಾಗ ಆಗ್ತಿದ್ದ ಕ್ರ್ಯಾಶ್ ಅಷ್ಟಕ್ಕೇ ನಿಂತರೆ ಪ್ರೊಸೆಸರ್ ವಾರಂಟಿಗೆ ಕೊಡಿ. ಸೆಕೆಂಡ್ ಹ್ಯಾಂಡ್ 13900ಕೆ, 14900ಕೆ ತಂದು ಹೊಸ ಕಂಪ್ಯೂಟರ್ ಜೋಡಿಸಿದವರಂತೂ ಇದನ್ನು ಮೊದಲೇ ಮಾಡಿ.

ಕರೆಂಟ್

ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಕೊಡೋದು ಹೆಚ್ಚೆಂದರೆ 75 ವ್ಯಾಟ್. 6 ಪಿನ್ ಕನೆಕ್ಟರ್ 75, 8 ಪಿನ್ ಕನೆಕ್ಟರ್ 150. 320 ವ್ಯಾಟಿನ ಕಾರ್ಡಿಗೆ ಎರಡು 8 ಪಿನ್ ಇದ್ದರೆ ಎಸ್‌ಎಂಪಿಎಸ್‌ನಿಂದ ಎರಡು ಬೇರೆ ಬೇರೆ ಕೇಬಲ್ ಎಳೆಯಿರಿ. ಒಂದೇ ಕೇಬಲ್ಲಿನ ತುದಿಯಲ್ಲಿ ಬಾಲದ ಥರ ಇನ್ನೊಂದು ಕನೆಕ್ಟರ್ ಇರುತ್ತಲ್ಲ, ಅದನ್ನು ಬಳಸಿದರೆ ಇಡೀ ಭಾರ ಒಂದೇ ತಂತಿಯ ಕಟ್ಟಿನ ಮೇಲೆ ಬಿದ್ದು ವೋಲ್ಟೇಜ್ ಕುಸಿಯುತ್ತೆ. ಆಟ ಜೋರಾದಾಗ ಕಾರ್ಡಿಗೆ ಬರೋ 12 ವೋಲ್ಟ್ 11.4ರ ಹತ್ತಿರ ಇಳೀತಿದ್ದರೆ ಅದು ಅಪಾಯದ ಸೂಚನೆ. ಕೆಲವು ಕಾರ್ಡುಗಳಲ್ಲಿ ಎಚ್‌ಡಬ್ಲ್ಯುಇನ್ಫೋ ಇದನ್ನು 8 ಪಿನ್ ಇನ್‌ಪುಟ್ ವೋಲ್ಟೇಜ್ ಅಂತಲೇ ತೋರಿಸುತ್ತೆ.

ಒಟ್ಟು ವ್ಯಾಟ್ ಲೆಕ್ಕ ಸರಿಯಿದ್ದೂ ಕಂಪ್ಯೂಟರ್ ಆರಿಹೋಗೋದುಂಟು. ಕಾರ್ಡ್ ಎಳೆಯೋ ಕರೆಂಟ್ ಸಮನಾಗಿರಲ್ಲ, ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತು ತನ್ನ ಸರಾಸರಿಯ ಎರಡು ಪಟ್ಟಿನವರೆಗೂ ಜಿಗಿಯಬಹುದು. ಹಳೇ ವಿನ್ಯಾಸದ ಎಸ್‌ಎಂಪಿಎಸ್ ಅದನ್ನು ಶಾರ್ಟ್ ಅಂತ ತಿಳಿದು ಆರಿಸಿಬಿಡುತ್ತೆ. 2022ರ ಎಟಿಎಕ್ಸ್ 3.0 ಮಾನದಂಡದಲ್ಲಿ ಇಂಥ ಜಿಗಿತ ತಡೆದುಕೊಳ್ಳಬೇಕು ಅನ್ನೋ ನಿಯಮ ಬಂತು. ಪರೀಕ್ಷೆಗೆ ಆಫ್ಟರ್‌ಬರ್ನರ್‌ನಲ್ಲಿ ಪವರ್ ಲಿಮಿಟನ್ನು 70 ಅಥವಾ 80 ಶೇಕಡಕ್ಕೆ ಇಳಿಸಿ ಆಡಿ ನೋಡಿ. ಫಟ್ಟಂತ ಆರೋದು ನಿಂತರೆ ಎಸ್‌ಎಂಪಿಎಸ್, ಕೇಬಲ್ ಕಡೆ ತಿರುಗಿ.

ಹೊಸ 16 ಪಿನ್ ಕನೆಕ್ಟರನ್ನು ಹತ್ತಿರದಿಂದ ನೋಡೋಣ. ಹನ್ನೆರಡು ದಪ್ಪ ಪಿನ್, ಅವುಗಳ ಮೇಲೆ ನಾಲ್ಕು ಸಣ್ಣ ಸೆನ್ಸ್ ಪಿನ್. 600 ವ್ಯಾಟ್‌ವರೆಗೆ ಹೊರಬೇಕು. ತಳ್ಳಿದಾಗ ಒಂದು ಹಂತದಲ್ಲಿ ಕೂತ ಹಾಗೆ ಅನ್ನಿಸುತ್ತೆ, ಆದರೆ ಇನ್ನೂ ಒಂದೆರಡು ಮಿಲಿಮೀಟರ್ ಬಾಕಿ ಇರುತ್ತೆ. ಟಾರ್ಚ್ ಹಿಡಿದು ಬದಿಯಿಂದ ನೋಡಿ: ಕನೆಕ್ಟರ್ ಮತ್ತು ಸಾಕೆಟ್ ನಡುವೆ ಸಂದು ಕಾಣಬಾರದು, ಕೊಂಡಿ ಪೂರ್ತಿ ಕಚ್ಚಿರಬೇಕು. ಕನೆಕ್ಟರಿನಿಂದ ಸುಮಾರು 35 ಮಿಲಿಮೀಟರ್‌ವರೆಗೆ ತಂತಿ ನೇರ ಇರಲಿ, ಆಮೇಲೆ ಬಗ್ಗಿಸಿ. ಕ್ಯಾಬಿನೆಟ್ ಗಾಜು ತಾಗಿ ತಂತಿ ಒತ್ತಿಕೊಂಡರೆ ಕನೆಕ್ಟರ್ ಓರೆಯಾಗುತ್ತೆ. 2022ರ ಕೊನೆಯಲ್ಲಿ ಎನ್‌ವಿಡಿಯಾದ 4090 ಕಾರ್ಡುಗಳ ಕನೆಕ್ಟರ್ ಕರಗಿದಾಗ ಪೂರ್ತಿ ತಳ್ಳದೆ ಇದ್ದದ್ದೇ ಸಾಮಾನ್ಯ ಕಾರಣ ಅಂತ ಎನ್‌ವಿಡಿಯಾ ಹೇಳಿತು. ನಂತರ ಬಂದ 12ವಿ 2ಎಕ್ಸ್6 ರೂಪದಲ್ಲಿ ಸೆನ್ಸ್ ಪಿನ್‌ಗಳನ್ನು ಗಿಡ್ಡ ಮಾಡಿದ್ದಾರೆ, ಸರಿಯಾಗಿ ಕೂರದಿದ್ದರೆ ಕಾರ್ಡ್ ಪೂರ್ತಿ ಕರೆಂಟ್ ಎಳೆಯಲ್ಲ.

ಜೀವಕ್ಕೆ ಬರೋವಂಥ ತಪ್ಪು ಒಂದಿದೆ. ಹಳೇ ಎಸ್‌ಎಂಪಿಎಸ್‌ನ ಮಾಡ್ಯುಲರ್ ಕೇಬಲ್ಲನ್ನು ಹೊಸ ಎಸ್‌ಎಂಪಿಎಸ್‌ಗೆ ಹಾಕಬೇಡಿ. ಒಂದೇ ಕಂಪನಿಯದ್ದಾದರೂ ಎಸ್‌ಎಂಪಿಎಸ್ ಕಡೆಯ ಪಿನ್ ಜೋಡಣೆ ಬೇರೆ ಇರಬಹುದು. ಆಕಾರ ಹೊಂದುತ್ತೆ, ವೋಲ್ಟೇಜ್ ತಪ್ಪು ಪಿನ್ನಿಗೆ ಹೋಗುತ್ತೆ, ಕಾರ್ಡ್ ಸುಟ್ಟುಹೋಗುತ್ತೆ.

ಸ್ಲಾಟ್ ಮತ್ತು ರೈಸರ್

ಕಾರ್ಡನ್ನು ಲಂಬವಾಗಿ ನಿಲ್ಲಿಸೋಕೆ ರೈಸರ್ ಕೇಬಲ್ ಹಾಕಿದ್ದರೆ ಪರೀಕ್ಷೆಯ ಮೊದಲ ದಿನವೇ ಅದನ್ನು ತೆಗೆದು ಕಾರ್ಡನ್ನು ನೇರ ಸ್ಲಾಟಿಗೆ ಹಾಕಿ. ಪಿಸಿಐ ಎಕ್ಸ್‌ಪ್ರೆಸ್ 3.0ಗೆ ಮಾಡಿದ ರೈಸರಿನಲ್ಲಿ 4.0 ಕಾರ್ಡ್ ಹಾಕಿದರೆ ಕಾರ್ಡ್, ಮದರ್‌ಬೋರ್ಡ್ ಇಬ್ಬರೂ 4.0 ವೇಗಕ್ಕೆ ಒಪ್ಪಿಕೊಂಡುಬಿಡುತ್ತಾರೆ, ನಡುವಿನ ತಂತಿಗೆ ಆ ವೇಗ ತಡೆಯಲ್ಲ. ತೆಗೆಯೋಕಾಗದಿದ್ದರೆ ಬಯೋಸಿನಲ್ಲಿ ಸ್ಲಾಟಿನ ವೇಗವನ್ನು ಆಟೋದಿಂದ ಜೆನ್ 3ಗೆ ಇಳಿಸಿ. ಹದಿನಾರು ಲೇನ್ (ದತ್ತಾಂಶ ಓಡಾಡೋ ಸಾಲು) ಇರೋ ಕಾರ್ಡಿನಲ್ಲಿ ಗೇಮಿನ ವೇಗ ಹೆಚ್ಚೇನೂ ಕುಗ್ಗಲ್ಲ. ರೈಸರ್ ಇಲ್ಲದಿದ್ದರೂ ಪರೀಕ್ಷೆಗಾಗಿ ಇದನ್ನೊಮ್ಮೆ ಮಾಡಿ ನೋಡೋದು ಒಳ್ಳೆಯದು.

ಜಿಪಿಯು ಝಡ್ ಅನ್ನೋ ಸಾಫ್ಟ್‌ವೇರಿನಲ್ಲಿ ಬಸ್ ಇಂಟರ್‌ಫೇಸ್ ಅನ್ನೋ ಜಾಗ ನೋಡಿ. ಸುಮ್ಮನಿದ್ದಾಗ 1.1 ಅಂತ ತೋರಿಸಬಹುದು, ಅದು ವಿದ್ಯುತ್ ಉಳಿತಾಯ. ಪಕ್ಕದ ಪ್ರಶ್ನೆ ಚಿಹ್ನೆ ಒತ್ತಿ ರೆಂಡರ್ ಪರೀಕ್ಷೆ ಶುರು ಮಾಡಿದರೆ ನಿಜವಾದ ವೇಗಕ್ಕೆ ಏರಬೇಕು. ಹದಿನಾರು ಲೇನಿನ ಕಾರ್ಡ್ ನಾಲ್ಕೋ ಒಂದೋ ತೋರಿಸಿದರೆ ಕಾರ್ಡ್ ಸರಿಯಾಗಿ ಕೂತಿಲ್ಲ ಅಥವಾ ಬೇರೆ ಸ್ಲಾಟಿನಲ್ಲಿದೆ. ಎಂಟು ತೋರಿಸಿದರೆ ಮದರ್‌ಬೋರ್ಡ್ ಕೈಪಿಡಿ ನೋಡಿ, ಕೆಲವು ಬೋರ್ಡುಗಳಲ್ಲಿ ಎಸ್‌ಎಸ್‌ಡಿ ಹಾಕೋ ಎಂ.2 ಸ್ಲಾಟ್ ತುಂಬಿದರೆ ಲೇನ್ ಹಂಚಿಹೋಗುತ್ತೆ. ಭಾರದ ಕಾರ್ಡ್ ಜೋತುಬಿದ್ದರೆ ಸ್ಲಾಟಿನ ಹಿಂಬದಿಯ ಸಂಪರ್ಕ ಸಡಿಲಾಗುತ್ತೆ, ಕೆಳಗೊಂದು ಆಧಾರ ಕೊಡಿ.

ಈಗ ಡ್ರೈವರ್

ಇಷ್ಟೂ ದಾಟಿದ ಮೇಲೆ ಡ್ರೈವರಿಗೆ ಬರೋಣ. ಹೊಸ ಜೋಡಣೆಯಲ್ಲಿ ಡ್ರೈವರ್ ತಪ್ಪಾಗೋ ದಾರಿ ಮುಖ್ಯವಾಗಿ ಒಂದು: ಇಂಟರ್ನೆಟ್ ಸಿಕ್ಕ ಕೂಡಲೇ ವಿಂಡೋಸ್ ಅಪ್‌ಡೇಟ್ ತನ್ನದೊಂದು ಡ್ರೈವರ್ ಹಾಕತೊಡಗುತ್ತೆ, ಅದೇ ಹೊತ್ತಿಗೆ ನೀವೂ ಕಂಪನಿಯದನ್ನು ಹಾಕ್ತೀರಿ, ಎರಡೂ ಬೆರೆತುಹೋಗುತ್ತೆ. ಹಳೇ ಕಂಪ್ಯೂಟರಿನ ಎಸ್‌ಎಸ್‌ಡಿಯನ್ನು ವಿಂಡೋಸ್ ಸಮೇತ ಹೊಸದಕ್ಕೆ ತಂದು ಹಾಕಿದ್ದರೂ, ಎಎಂಡಿಯಿಂದ ಎನ್‌ವಿಡಿಯಾಗೆ ಬದಲಾಗಿದ್ದರೂ ಇದೇ ಗೋಜಲು.

ಬಿಡಿಸೋಕೆ ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್, ಅಂದರೆ ಡಿಡಿಯು. ಮೊದಲು ಬೇಕಾದ ಡ್ರೈವರನ್ನು ಎನ್‌ವಿಡಿಯಾ, ಎಎಂಡಿ ಅಥವಾ ಇಂಟೆಲ್ ಸೈಟಿನಿಂದ ಇಳಿಸಿ ಡಿಸ್ಕಿನಲ್ಲಿಟ್ಟುಕೊಳ್ಳಿ. ಡಿಸ್ಕಿಗೆ ಬೀಗ ಹಾಕೋ ಬಿಟ್‌ಲಾಕರ್ ಆನ್ ಇದೆಯಾ ನೋಡಿ, ಇದ್ದರೆ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಸೇಫ್ ಮೋಡ್‌ಗೆ ಹೋಗುವಾಗ ಕೇಳಬಹುದು. ಆಮೇಲೆ ಇಂಟರ್ನೆಟ್ ಕೇಬಲ್ ಕಿತ್ತು ವೈಫೈ ಆರಿಸಿ. ಇದನ್ನು ಮರೆತರೆ ಮುಂದಿನದೆಲ್ಲ ವ್ಯರ್ಥ. ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕೊಡಿ; ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಶನ್ಸ್, ಸ್ಟಾರ್ಟಪ್ ಸೆಟಿಂಗ್ಸ್, ರೀಸ್ಟಾರ್ಟ್, ಆಮೇಲೆ 4. ಸೇಫ್ ಮೋಡಿನಲ್ಲಿ ಡಿಡಿಯು ತೆರೆದು, ಜಿಪಿಯು ಅಂತ ಆರಿಸಿ, ಕಂಪನಿ ಆರಿಸಿ, ಕ್ಲೀನ್ ಅಂಡ್ ರೀಸ್ಟಾರ್ಟ್ ಒತ್ತಿ. ವಾಪಸ್ ಬಂದ ಮೇಲೆ ಇಳಿಸಿಟ್ಟ ಡ್ರೈವರ್ ಹಾಕಿ, ಇನ್ನೊಮ್ಮೆ ರೀಸ್ಟಾರ್ಟ್ ಮಾಡಿ, ಆಮೇಲಷ್ಟೇ ಇಂಟರ್ನೆಟ್ ಕೊಡಿ. ಮದರ್‌ಬೋರ್ಡಿನ ಚಿಪ್‌ಸೆಟ್ ಡ್ರೈವರನ್ನೂ ಹಾಕಲು ಮರೆಯಬೇಡಿ.

ಹೊಚ್ಚಹೊಸ ಡ್ರೈವರೇ ಬೇಕು ಅಂತ ಹಟ ಬೇಡ. ಒಂದು ಹೊಸದು, ಎರಡು ತಿಂಗಳ ಹಿಂದಿನದೊಂದು, ಎರಡನ್ನೂ ನೋಡಿ. ಎರಡರಲ್ಲೂ ಒಂದೇ ಥರ ಕ್ರ್ಯಾಶ್ ಆದರೆ ಮೂರನೆಯದರಲ್ಲಿ ಪರಿಹಾರ ಸಿಗೋದು ಅಪರೂಪ, ಹಾರ್ಡ್‌ವೇರಿಗೆ ಮರಳಿ.

ನಿಜವಾಗಿ ಡ್ರೈವರಿನಿಂದಲೇ ಪರಿಹಾರ ಬಂದ ಪ್ರಸಿದ್ಧ ಪ್ರಕರಣ 2020ರ ಸೆಪ್ಟೆಂಬರಿನದು. ಆಗ ತಾನೇ ಬಂದ ಎನ್‌ವಿಡಿಯಾದ 3080 ಕಾರ್ಡುಗಳು ಕ್ಲಾಕ್ 2000 ಮೆಗಾಹರ್ಟ್ಸ್ ಆಸುಪಾಸಿಗೆ ಏರಿದಾಗ ಬೀಳ್ತಿದ್ದವು. ಚಿಪ್ಪಿನ ಹಿಂದಿನ ಕೆಪಾಸಿಟರುಗಳ ಬಗ್ಗೆ ದೊಡ್ಡ ಚರ್ಚೆ ನಡೆಯಿತು. ಎನ್‌ವಿಡಿಯಾ 456.55 ಡ್ರೈವರ್ ಬಿಟ್ಟ ಮೇಲೆ ಬಹಳಷ್ಟು ಜನರಿಗೆ ಕ್ರ್ಯಾಶ್ ನಿಂತಿತು. ತುತ್ತತುದಿಯ ಕ್ಲಾಕಿನಲ್ಲಿ ಕಾರ್ಡಿಗೆ ಇದ್ದ ಸ್ಥಿರತೆಯ ಅಂಚು ಎಷ್ಟು ತೆಳು ಅನ್ನೋದು ಅದರಿಂದ ಗೊತ್ತಾಗುತ್ತೆ. ನಿಮ್ಮ ಕಾರ್ಡಿನಲ್ಲೂ ಅದೇ ಆಗಿರಬಹುದು. ಎನ್‌ವಿಡಿಯಾ ಕಂಟ್ರೋಲ್ ಪ್ಯಾನಲ್‌ನ ಹೆಲ್ಪ್ ಮೆನುವಿನಲ್ಲಿ ಡಿಬಗ್ ಮೋಡ್ ಇದೆ, ಕಾರ್ಖಾನೆಯಲ್ಲೇ ಓವರ್‌ಕ್ಲಾಕ್ ಮಾಡಿದ ಕಾರ್ಡನ್ನು ಮೂಲ ಕ್ಲಾಕಿಗೆ ಇಳಿಸುತ್ತೆ. ಎಎಂಡಿ ಆದರೆ ಅವರ ಅಡ್ರಿನಲಿನ್ ಸಾಫ್ಟ್‌ವೇರಿನಲ್ಲಿ ಗರಿಷ್ಠ ಕ್ಲಾಕನ್ನು 100 ಮೆಗಾಹರ್ಟ್ಸ್ ಇಳಿಸಿ. ಇದರಿಂದ ಕ್ರ್ಯಾಶ್ ನಿಂತರೆ ಅದೇ ಸೆಟಿಂಗಿನಲ್ಲಿ ಕಾಲ ಹಾಕಬೇಡಿ. ಹಣ ಕೊಟ್ಟ ವೇಗದಲ್ಲಿ ಕಾರ್ಡ್ ನಡೆಯುತ್ತಿಲ್ಲ ಅಂದರೆ ಅದು ವಾರಂಟಿಯ ವಿಷಯ.

ಬ್ರೌಸರಿನಲ್ಲಿ ವಿಡಿಯೊ ನೋಡುವಾಗ, ಎರಡು ಮಾನಿಟರ್ ಇದ್ದಾಗ ಮಾತ್ರ ಪರದೆ ಮಿಣುಕುವುದು ಬೇರೆ ಜಾತಿ. ಅದಕ್ಕೆ ಹಾರ್ಡ್‌ವೇರ್ ಆಕ್ಸಿಲರೇಟೆಡ್ ಜಿಪಿಯು ಶೆಡ್ಯೂಲಿಂಗ್ ಆಫ್ ಮಾಡಿ ನೋಡಿ, ಡಿಸ್ಕಾರ್ಡ್ ಥರದ ಓವರ್‌ಲೇ ಆರಿಸಿ, ಡಿಸ್‌ಪ್ಲೇಪೋರ್ಟ್ ಕೇಬಲ್ ಬದಲಾಯಿಸಿ.

ಸಭಿಕರ ಪ್ರಶ್ನೆಗಳಿಂದ

*ಸರ್, ಬಿಸಿಯಿಂದ ಕ್ರ್ಯಾಶ್ ಆಗಲ್ವಾ? ನಮ್ಮದು ರಾಯಚೂರು.*

ಆಗಬಹುದು, ಆದರೆ ಬಿಸಿಯಾದ ಕಾರ್ಡ್ ಮೊದಲು ವೇಗ ಇಳಿಸಿಕೊಳ್ಳುತ್ತೆ, ನೇರ ಬೀಳೋದು ಕಡಿಮೆ. ಕೋಣೆಯೇ 40 ಡಿಗ್ರಿ ಇದ್ದಾಗ ಹಾಟ್‌ಸ್ಪಾಟ್ (ಚಿಪ್ಪಿನ ಅತಿ ಬಿಸಿ ಜಾಗ) ಮತ್ತು ಮೆಮೊರಿ ಜಂಕ್ಷನ್ (ಮೆಮೊರಿ ಚಿಪ್ಪಿನ ಒಳಗಿನ ಬಿಸಿ) ಎರಡನ್ನೂ ನೋಡಿ, ಕೋರ್ ತಾಪಮಾನ ಒಂದೇ ಸಾಲದು. ಜಿಡಿಡಿಆರ್6ಎಕ್ಸ್ ಮೆಮೊರಿ 110 ಡಿಗ್ರಿಗೆ ತಡೆ ಹಾಕುತ್ತೆ. ಕ್ಯಾಬಿನೆಟ್ಟಿನ ಬದಿಯ ಮುಚ್ಚಳ ತೆಗೆದು, ಟೇಬಲ್ ಫ್ಯಾನ್ ಹಚ್ಚಿ ಆಡಿ. ಕ್ರ್ಯಾಶ್ ನಿಂತರೆ ಗಾಳಿಯ ದಾರಿ ಸರಿಮಾಡಿ. ನಿಲ್ಲದಿದ್ದರೆ ಬಿಸಿಯನ್ನು ಪಟ್ಟಿಯಿಂದ ತೆಗೆಯಿರಿ.

*ಯುಪಿಎಸ್‌ಗೆ ಹಾಕಿದಾಗ ಮಾತ್ರ ಆರಿಹೋಗುತ್ತೆ.*

ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗೋ 600 ವಿಎ ಯುಪಿಎಸ್ ಹೊರೋದು ಸುಮಾರು 360 ವ್ಯಾಟ್. ಗೇಮಿಂಗ್ ಕಂಪ್ಯೂಟರಿಗೆ ಅದು ಸಾಲದು. ಅಗ್ಗದ ಯುಪಿಎಸ್‌ನ ಮೆಟ್ಟಿಲು ಮೆಟ್ಟಿಲಾದ ಅಲೆ, ಆಕ್ಟಿವ್ ಪಿಎಫ್‌ಸಿ ಇರೋ ಎಸ್‌ಎಂಪಿಎಸ್‌ಗೆ ಕೆಲವು ಸಲ ಒಗ್ಗಲ್ಲ. ಪರೀಕ್ಷೆಯ ದಿನಗಳಲ್ಲಿ ನೇರ ಗೋಡೆಯ 16 ಆಂಪಿಯರ್ ಸಾಕೆಟಿಗೆ ಹಾಕಿ. ಅರ್ಥಿಂಗ್ ಇದೆಯಾ ಅಂತಲೂ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಕ್ಯಾಬಿನೆಟ್ ಮುಟ್ಟಿದರೆ ಜುಂ ಅನ್ನೋದು ಇದ್ದರೆ ಕಂಪ್ಯೂಟರ್ ಮಾತು ಆಮೇಲೆ, ಮೊದಲು ಅದು ಸರಿಯಾಗಲಿ.

*ವಿಂಡೋಸ್ ತಪ್ಪೋ ಹಾರ್ಡ್‌ವೇರ್ ತಪ್ಪೋ ಅಂತ ಫಾರ್ಮ್ಯಾಟ್ ಇಲ್ಲದೆ ಹೇಗೆ ತಿಳಿಯೋದು?*

ಪೆನ್ ಡ್ರೈವ್‌ನಿಂದ ಉಬುಂಟು ಬೂಟ್ ಮಾಡಿ, ಇನ್‌ಸ್ಟಾಲ್ ಬೇಡ. ಅಲ್ಲಿ ಗ್ರಾಫಿಕ್ಸ್ ಪರೀಕ್ಷೆ ಓಡಿಸಿ, ಟರ್ಮಿನಲ್ಲಿನಲ್ಲಿ ಕರ್ನಲ್ ಸಂದೇಶ ನೋಡಿ. ಎನ್‌ವಿಡಿಯಾದ ಡ್ರೈವರ್ ಹಾಕಿದ ಲಿನಕ್ಸಿನಲ್ಲಿ ಎಕ್ಸ್‌ಐಡಿ (ಎನ್‌ವಿಡಿಯಾ ಡ್ರೈವರಿನ ಎರರ್ ಸಂಖ್ಯೆ) 79 ಬಂದರೆ ಕಾರ್ಡ್ ಬಸ್ಸಿನಿಂದ ಬಿದ್ದಿದೆ ಅಂತ ಅರ್ಥ. ಎಎಂಡಿಯಲ್ಲಿ ರಿಂಗ್ ಟೈಮ್‌ಔಟ್ ಅಂತ ಬರುತ್ತೆ. ಎರಡು ಬೇರೆ ಬೇರೆ ಆಪರೇಟಿಂಗ್ ಸಿಸ್ಟಮ್ಮಿನಲ್ಲೂ ಒಂದೇ ಥರ ಬಿದ್ದರೆ ವಿಂಡೋಸ್ ನಿರಪರಾಧಿ.

*ಅಂಗಡಿಯವರು ನಮ್ಮಲ್ಲಿ ಸರಿ ನಡೀತಿದೆ ಅಂತ ವಾಪಸ್ ಕಳಿಸ್ತಾರೆ. ಏನು ಮಾಡೋದು?*

ಎಸ್‌.ಪಿ. ರಸ್ತೆಯ ಅಂಗಡಿಯಾಗಲಿ ಸರ್ವಿಸ್ ಸೆಂಟರ್ ಆಗಲಿ, ಅವರು ಕಾರ್ಡ್ ಹಾಕಿ ಪರದೆ ಬಂತಾ ನೋಡಿ, ಐದು ನಿಮಿಷ ಫರ್‌ಮಾರ್ಕ್ ಅನ್ನೋ ಪರೀಕ್ಷೆ ಓಡಿಸಿ ಪಾಸ್ ಅಂದುಬಿಡಬಹುದು. ಫರ್‌ಮಾರ್ಕ್ ಒಂದೇ ಸಮ ಭಾರ ಹಾಕುತ್ತೆ, ಅಂಥ ಭಾರದಲ್ಲಿ ಕಾರ್ಡಿನ ಕ್ಲಾಕ್ ಕೆಳಗೇ ಇರುತ್ತೆ. ನಿಮ್ಮ ಕ್ರ್ಯಾಶ್ ಇರೋದು ಭಾರ ಏರಿಳಿಯುವಾಗ, ಕ್ಲಾಕ್ ಮೇಲಿದ್ದಾಗ. ಹಾಗಾಗಿ ತಪ್ಪನ್ನು ಮರುಕಳಿಸೋ ದಾರಿ ನೀವೇ ಕೊಡಿ: 3ಡಿಮಾರ್ಕ್‌ನ ಸ್ಟ್ರೆಸ್ ಟೆಸ್ಟ್ 20 ಸುತ್ತು, ಎಷ್ಟನೇ ಸುತ್ತಿನಲ್ಲಿ ಬೀಳುತ್ತೆ ಅಂತ. ಓಸಿಸಿಟಿಯ ವಿರ‍್ಯಾಮ್ (ಕಾರ್ಡಿನ ಸ್ವಂತ ಮೆಮೊರಿ) ಪರೀಕ್ಷೆಯಲ್ಲಿ ಎರರ್ ಬಂದಿದ್ದರೆ ಆ ಪರದೆಯ ಚಿತ್ರ. ಸ್ನೇಹಿತರ ಕಂಪ್ಯೂಟರಿನಲ್ಲಿ ಇದೇ ಕಾರ್ಡ್ ಬಿದ್ದಿದ್ದು, ನಿಮ್ಮದರಲ್ಲಿ ಅವರ ಕಾರ್ಡ್ ಸರಿ ನಡೆದಿದ್ದು, ಎರಡರದೂ ವಿಡಿಯೊ. ಇಷ್ಟಿದ್ದರೆ ಅಲ್ಲಗಳೆಯೋದು ಕಷ್ಟ. ಕಾರ್ಡಿನ ಹಿಂದಿನ ಸೀರಿಯಲ್ ನಂಬರ್ ಸ್ಟಿಕ್ಕರಿನ ಫೋಟೊ, ಬಿಲ್ಲಿನ ಫೋಟೊ ಕೊಡೋ ಮೊದಲೇ ತೆಗೆದಿಡಿ; ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳೋದು ಕೊಳ್ಳುವ ದಿನವೇ ಆಗಬೇಕು. ಕಳಿಸುವಾಗ ಮೂಲ ಡಬ್ಬ, ಆಂಟಿಸ್ಟ್ಯಾಟಿಕ್ ಕವರ್ ಎರಡೂ ಬಳಸಿ. ಸ್ಕ್ರೂ ಬಿಚ್ಚಿ ಥರ್ಮಲ್ ಪೇಸ್ಟ್ ಬದಲಾಯಿಸೋ ಸಾಹಸವನ್ನು ವಾರಂಟಿ ಮುಗಿಯೋವರೆಗೆ ಮಾಡಬೇಡಿ.